ಕಾಡಂಚಿನ ಊರುಗಳಿಗಾಗಿ ದೇಣಿಗೆ ಎತ್ತುವವರಿಗೆ

ಸಂಘದ ವಾರ್ಷಿಕೋತ್ಸವದಲ್ಲೋ ಬಡಾವಣೆಯ ಗಣೇಶೋತ್ಸವದಲ್ಲೋ ವನ್ಯಜೀವಿಗಳ ಹೆಸರಿನಲ್ಲಿ ದೇಣಿಗೆ ಎತ್ತುವ ಮುನ್ನ, ಆ ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲು ನಿಮಗೆ ಬರಬೇಕು. ‘ಹುಲಿ ಉಳಿಸಲು’ ಎಂದರೆ ಸಾಲದು. ಹುಲಿಯ ನೆರೆಯಲ್ಲಿ ದನ ಕಟ್ಟಿಕೊಂಡು ಬದುಕುವವರ ತಾಳ್ಮೆ ಮುಗಿದರೆ ಹುಲಿಯೂ ಉಳಿಯದು; ಆದ್ದರಿಂದ ಅವರ ನಷ್ಟವನ್ನು ಹಗುರಗೊಳಿಸುವ ಕೆಲಸವನ್ನೇ ಮೊದಲು ಹುಡುಕಿ.

ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ ಬಂಡೀಪುರ ಮತ್ತು ನಾಗರಹೊಳೆಯ ಸುತ್ತ 2015ರಲ್ಲಿ ಆರಂಭಿಸಿದ ‘ವೈಲ್ಡ್ ಸೇವೆ’ ಅಂತಹ ಕೆಲಸ. ಆನೆ ನುಗ್ಗಿ ಬೆಳೆ ಹಾಳಾದಾಗ, ಹುಲಿಯೋ ಚಿರತೆಯೋ ದನ ಹಿಡಿದಾಗ ರೈತರು ಉಚಿತ ಸಹಾಯವಾಣಿಗೆ ಕರೆ ಮಾಡುತ್ತಾರೆ. ಸಿಬ್ಬಂದಿ ಸ್ಥಳಕ್ಕೆ ಬಂದು, ಹಾನಿಯನ್ನು ದಾಖಲಿಸಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಇಲ್ಲಿ ಪರಿಹಾರ ಕೊಡುವುದು ಸರ್ಕಾರವೇ ಹೊರತು ದಾನಿಗಳಲ್ಲ. ಇಂತಹ ಕೆಲಸಕ್ಕೆ ಬಂದ ದೇಣಿಗೆ ಖರ್ಚಾಗುವುದು ಸಂಬಳಕ್ಕೆ, ಓಡಾಟಕ್ಕೆ, ಫೋನಿಗೆ. ಕೇಳುವವರಿಗೆ ಇದು ನೀರಸವೆನಿಸಬಹುದು.

ಆದರೆ ರಾತ್ರೋರಾತ್ರಿ ರಾಗಿ ಹೊಲ ತುಳಿತಕ್ಕೆ ಸಿಕ್ಕ ರೈತನ ಬೆಳಗನ್ನು ದಾನಿಗಳಿಗೆ ವಿವರಿಸಿ ಹೇಳಿ. ಆನೆಯ ಹೆಜ್ಜೆ ಗುರುತು ಅಳಿಯುವ ಮೊದಲೇ ಫೋಟೊ ತೆಗೆಯಬೇಕು. ಪಹಣಿ, ಆಧಾರ್, ಪಾಸ್‌ಬುಕ್ಕಿನ ನಕಲು ಹೊಂದಿಸಬೇಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರದಿದ್ದರೆ ತೊಡಕು ಅಲ್ಲಿಂದಲೇ ಶುರು. ಕಚೇರಿಗೆ ಎರಡು ಸಲ ಅಲೆದರೆ ಎರಡು ದಿನದ ಕೂಲಿ ಹೋಯಿತು. ನಷ್ಟ ಚಿಕ್ಕದಾಗಿದ್ದರೆ ಅರ್ಜಿ ಹಾಕುವುದೇ ಬೇಡವೆನಿಸುತ್ತದೆ, ಸಿಟ್ಟು ಮಾತ್ರ ಆನೆಯ ಮೇಲೆ ಉಳಿಯುತ್ತದೆ. ಆದ್ದರಿಂದ ‘ಸಂಬಳ, ಸಾರಿಗೆಗೆ ಒಂದು ಪೈಸೆಯೂ ಹೋಗುವುದಿಲ್ಲ’ ಎಂದು ಯಾರಿಗೂ ಮಾತು ಕೊಡಬೇಡಿ, ಹೋಗಬೇಕಾದದ್ದೇ ಅಲ್ಲಿಗೆ.

ಹಣವನ್ನು ಕಾರ್ಯದರ್ಶಿಯ ಸ್ವಂತ ಯುಪಿಐಗೆ ಹಾಕಿಸಿಕೊಳ್ಳದೆ, ದಾನಿಗಳೇ ನೇರವಾಗಿ ಸಂಸ್ಥೆಯ ಖಾತೆಗೆ ಕಟ್ಟುವಂತೆ ಮಾಡಿ, ರಸೀದಿ ಅವರವರ ಹೆಸರಿಗೇ ಬರಲಿ. 80ಜಿ ಎಂದು ರೂಢಿಯಾಗಿರುವ ತೆರಿಗೆ ವಿನಾಯಿತಿ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮಾರ್ಚ್‌ನಲ್ಲಿ ಮುನಿಸು ತಪ್ಪುತ್ತದೆ.

ಹೊರದೇಶದ ಕನ್ನಡಿಗರಿಂದ ಪಡೆಯುವಾಗ ಪೌರತ್ವ ಕೇಳುವುದು ಅನಿವಾರ್ಯ. ಭಾರತೀಯ ಪೌರರಾಗಿಯೇ ಉಳಿದು ತಮ್ಮ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ, ಅದನ್ನು ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿಯ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹೀಗೆ ಬಂದ ಹಣವನ್ನು ಒಂದು ಸಂಸ್ಥೆ ಮತ್ತೊಂದಕ್ಕೆ ದಾಟಿಸುವಂತಿಲ್ಲ. ನಿಮ್ಮ ಸಂಘ ನಡುವೆ ನಿಲ್ಲಬಾರದು.

ಪ್ರಚಾರಕ್ಕೆ ಅಳುವ ಮುಖಗಳ ಫೋಟೊ ಬೇಡ. ಹೊಲದ ಫೋಟೊ ಹಾಕುವುದಾದರೂ ಒಡೆಯರ ಒಪ್ಪಿಗೆ ಪಡೆಯಿರಿ. ಆರು ತಿಂಗಳ ಬಳಿಕ ಎಷ್ಟು ಅರ್ಜಿ ಸಲ್ಲಿಕೆಯಾಯಿತು, ಎಷ್ಟು ಮನೆಗೆ ಹಣ ತಲುಪಿತು, ಎಷ್ಟು ಬಾಕಿ ಇದೆ ಎಂದು ಸಂಸ್ಥೆಯನ್ನು ಕೇಳಿ, ಬಾಕಿಯ ಲೆಕ್ಕವನ್ನೂ ಮುಚ್ಚಿಡದೆ ದಾನಿಗಳಿಗೆ ಕಳುಹಿಸಿ.