ಹಿತ್ತಾಳೆ ಬೋರಮಾಳಕ್ಕೆ ಬಂಗಾರದ ನೀರು ಹೀಗೆ

ಹುಬ್ಬಳ್ಳಿ ಪೇಟೆಯಲ್ಲಿ ‘ಒಂದು ಗ್ರಾಂ ಗೋಲ್ಡ್’ (ಬಂಗಾರದ ತೆಳು ಲೇಪದ ಒಡವೆ) ಕೇಳುವವರು ಮೊದಲು ಈ ಲೆಕ್ಕ ನೋಡಲಿ: ಬೋರಮಾಳ ಎಂಬ ಗುಂಡಿನ ಸರದ ಮೇಲ್ಮೈ 100 ಚದರ ಸೆಂ.ಮೀ., ಲೇಪ 0.1 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ ಅದರ ಮೇಲೆ ಕೂತ ಬಂಗಾರ ಬರೀ 19 ಮಿಲಿಗ್ರಾಂ. ಇಷ್ಟು ತೆಳು ಪದರ ಬಾಳುವುದೋ ಬಿಡುವುದೋ ಎಂಬುದು ಬಹುಪಾಲು ಅದರ ಕೆಳಗಿನ ಕೆಲಸಕ್ಕೆ ಸೇರಿದ್ದು.

ಮೊದಲು ಪಾಲಿಶ್. ಗೀರು ಉಳಿದರೆ ಬಂಗಾರ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಆಮೇಲೆ ಜಿಡ್ಡು ತೆಗೆಯಬೇಕು: 60 ಡಿಗ್ರಿ ಕ್ಷಾರದ ದ್ರಾವಣದಲ್ಲಿ ಸರವನ್ನು ರೆಕ್ಟಿಫೈಯರ್‌ನ (ಎಸಿ ಕರೆಂಟನ್ನು ಡಿಸಿ ಮಾಡುವ ಪೆಟ್ಟಿಗೆ) ಋಣ ತುದಿಗೆ ಕಟ್ಟಿ 4ರಿಂದ 6 ವೋಲ್ಟ್, ಅರ್ಧದಿಂದ ಒಂದು ನಿಮಿಷ. ತೊಳೆದು ಎತ್ತಿದಾಗ ನೀರು ಒಂದೇ ಪೊರೆಯಾಗಿ ನಿಂತರೆ ಸರಿ; ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ, ಮತ್ತೆ ಮಾಡಿ. ನಂತರ ಶೇ 5ರ ಗಂಧಕಾಮ್ಲದಲ್ಲಿ 10 ಸೆಕೆಂಡ್ ಅದ್ದಿ ತೊಳೆಯಬೇಕು. ಗದಗ ಕಡೆಯ ಗಡಸು ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಕೊನೆಯ ತೊಳೆತಕ್ಕಾದರೂ ಡಿಸ್ಟಿಲ್ಡ್ ವಾಟರ್ ಬೇಕು.

ಹಿತ್ತಾಳೆಯ ಮೇಲೆ ನೇರವಾಗಿ ಬಂಗಾರ ಕೂರಿಸಿದರೆ ತಾಮ್ರ ಮೆಲ್ಲಗೆ ಮೇಲೇರಿ ಸರ ಕಪ್ಪಾಗುತ್ತದೆ. ಅದನ್ನು ತಡೆಯಲು ನಡುವೆ 5 ಮೈಕ್ರಾನಿನಷ್ಟು ನಿಕ್ಕಲ್. ನಿಕ್ಕಲ್ ತಾಗಿ ಚರ್ಮ ತುರಿಸುವವರಿಗೆ ಪಲ್ಲೇಡಿಯಂ ಪದರ ಉತ್ತಮ, ಆದರೆ ದುಬಾರಿ. ನಿಕ್ಕಲ್ ಆದ ಸರವನ್ನು ಒಣಗಲು ಬಿಡಬೇಡಿ: ಒಣಗಿದ ನಿಕ್ಕಲ್ ಬಂಗಾರವನ್ನು ಹಿಡಿಯುವುದಿಲ್ಲ, ಲೇಪ ಸಿಪ್ಪೆ ಏಳುತ್ತದೆ.

ಬಂಗಾರದ ದ್ರಾವಣ ಪೊಟ್ಯಾಸಿಯಂ ಗೋಲ್ಡ್ ಸಯನೈಡ್‌ನದು. ಲೀಟರಿಗೆ 1ರಿಂದ 2 ಗ್ರಾಂ ಬಂಗಾರ, ಕಾವು 55ರಿಂದ 60 ಡಿಗ್ರಿ, ಧನ ತುದಿಗೆ ಪ್ಲಾಟಿನಂ ಲೇಪಿಸಿದ ಟೈಟಾನಿಯಂ ಜಾಳಿಗೆ. 3ರಿಂದ 4 ವೋಲ್ಟಿನಲ್ಲಿ, ಸರವನ್ನು ಅಲ್ಲಾಡಿಸುತ್ತ, 15ರಿಂದ 30 ಸೆಕೆಂಡ್. ವೋಲ್ಟ್ ಏರಿಸಿದರೆ ಅಂಚುಗಳು ಕಂದಾಗಿ ಸುಡುತ್ತವೆ. ದ್ರಾವಣದಲ್ಲಿ ಬಂಗಾರ ತಗ್ಗಿದರೆ ಬಣ್ಣ ಪೇಲವ.

ಆಮ್ಲದ ಒಂದು ಹನಿಯೂ ಈ ಪಾತ್ರೆಗೆ ಬೀಳಬಾರದು, ಕೊಲ್ಲುವ ಅನಿಲ ಏಳುತ್ತದೆ. ಹಾಗಾಗಿ ಇದು ಅಡುಗೆಮನೆಯಲ್ಲಿ ಮಾಡಿನೋಡುವ ಕೆಲಸವಲ್ಲ; ಗಾಳಿ ಹೊರಗೆಳೆಯುವ ಫ್ಯಾನ್, ಕೈಗವಸು ಇರುವ ವರ್ಕ್‌ಶಾಪಿನದು.

ಬೋರಮಾಳಕ್ಕೆ ಇನ್ನೊಂದು ಪೇಚಿದೆ. ಗುಂಡು ಟೊಳ್ಳು, ಒಳಗೆ ನಿಂತ ದ್ರಾವಣ ಕೆಲವು ದಿನದ ನಂತರ ತೂತಿನಿಂದ ಜಿನುಗಿ ಕಲೆ ಮಾಡುತ್ತದೆ. ಬಿಸಿ ನೀರಲ್ಲಿ ಮತ್ತೆ ಮತ್ತೆ ಅದ್ದಿ ಕೊಡವಿ ಒಣಗಿಸಬೇಕು. ಅರಗು ತುಂಬಿದ ಗುಂಡಾದರೆ ಈ ಕಾವಿಗೇ ಅರಗು ಮೆತ್ತಗಾಗುತ್ತದೆ. ಮುತ್ತನ್ನು ಆಮ್ಲ ತಿನ್ನುವುದರಿಂದ ಅದನ್ನು ಪೋಣಿಸುವುದು ಕೊನೆಗೆ.

ದಿನಾ ತೊಡುವ ಪಾಟಲಿಗೆ (ಕೈಬಳೆಗೆ) 1 ಮೈಕ್ರಾನ್ ಬೇಕೆಂದರೆ ಇದೇ ದ್ರಾವಣದಲ್ಲಿ ಹೊತ್ತು ಬೆಳೆಸಿ ಪ್ರಯೋಜನವಿಲ್ಲ, ಲೇಪ ಮಂಕಾಗಿ ಒರಟಾಗುತ್ತದೆ. ಲೀಟರಿಗೆ 4ರಿಂದ 8 ಗ್ರಾಂ ಬಂಗಾರವಿರುವ ಬೇರೆ ದ್ರಾವಣ, ಕಡಿಮೆ ಕರೆಂಟು, ನಿಮಿಷಗಟ್ಟಲೆ ಹೊತ್ತು ಬೇಕು.