ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ

ನಮ್ಮ ವಾಕಿಂಗ್ ಗುಂಪಿನವರಿಗೆ ವಾರಕ್ಕೊಮ್ಮೆ ಬಿಪಿ ನೋಡುವ ಕೆಲಸ ನನ್ನದು. ಮುಕ್ಕಾಲು ಗಂಟೆ ನಡೆದು ಬಂದವರು ಬೆವರು ಒರೆಸುತ್ತಲೇ ತೋಳು ಚಾಚುತ್ತಾರೆ. ಮೆಷಿನ್ 158 ತೋರಿಸಿದರೆ ಮುಖ ಸಪ್ಪಗಾಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅದೇ ತೋಳಲ್ಲಿ 132! ಮೊದಲ ಅಂಕಿ ನಂಬಿ ತಾವೇ ಮಾತ್ರೆ ಜಾಸ್ತಿ ಮಾಡಿಕೊಂಡವರೂ ಇದ್ದಾರೆ.

ತೋಳಿಗೆ ಸುತ್ತುವ ಮೆಷಿನ್ನನ್ನೇ ಕೊಳ್ಳಿ. ಮಣಿಕಟ್ಟಿನದರಲ್ಲಿ ಕೈ ಸ್ವಲ್ಪ ಕೆಳಗಿಳಿದರೂ ಲೆಕ್ಕ ತಪ್ಪುತ್ತದೆ. ಬೆರಳಿಟ್ಟರೆ ಬಿಪಿ ಹೇಳುವ ಮೊಬೈಲ್ ಆ್ಯಪ್‌ಗಳನ್ನಂತೂ ಅಳಿಸಿಹಾಕಿ. ಎಷ್ಟು ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಅಂತ ತೋಳಿಗೆ ಸುತ್ತುವ ಪಟ್ಟಿಯ ಮೇಲೆ ಬರೆದಿರುತ್ತದೆ. ಟೇಪ್ ಹಿಡಿದು ಅಳೆದು ನೋಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ.

ಅರ್ಧ ಗಂಟೆ ಮುಂಚೆಯಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ.

ಎಲ್ಲರೂ ಎಡವುವುದು ಕೂರುವುದರಲ್ಲಿ. ಮಂಚದ ಅಂಚು ಬೇಡ, ಬೆನ್ನಿಗೆ ಆಸರೆ ಇರುವ ಕುರ್ಚಿ ಬೇಕು. ಎರಡೂ ಪಾದ ನೆಲದ ಮೇಲೆ. ಕಾಲ ಮೇಲೆ ಕಾಲು ಹಾಕಿದರೂ ಅಂಕಿ ಏರುತ್ತದೆ. ತೋಳನ್ನು ಮೇಜಿನ ಮೇಲಿಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಮೇಜು ತಗ್ಗಿದ್ದರೆ ಕೆಳಗೊಂದು ದಿಂಬು. ಅಂಗಿಯ ತೋಳನ್ನು ಮಡಚಿ ಮೇಲೇರಿಸಬೇಡಿ, ಅದೇ ದಾರದಂತೆ ಬಿಗಿಯುತ್ತದೆ. ಪೂರ್ತಿ ತೆಗೆದುಬಿಡಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಆಮೇಲೆ ಐದು ನಿಮಿಷ ಮಾತಿಲ್ಲ, ಮೊಬೈಲ್ ಇಲ್ಲ. ಪಟ್ಟಿ ಉಬ್ಬುತ್ತಿರುವಾಗಲೇ "ಎಷ್ಟು ಬಂತು?" ಅಂತ ಕೇಳುವವರೇ ಜಾಸ್ತಿ. ಆ ಮಾತಿಗೂ ಅಂಕಿ ಏರುತ್ತದೆ ಸ್ವಾಮಿ!

ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಎರಡನ್ನೂ ಬರೆಯಿರಿ. ಚೆನ್ನಾಗಿರುವುದನ್ನು ಮಾತ್ರ ಬರೆದುಕೊಂಡು ಹೋದರೆ ಡಾಕ್ಟರಿಗೆ ಏನು ಗೊತ್ತಾಗಬೇಕು? ಬೆಳಿಗ್ಗೆ ಮಾತ್ರೆಗೆ ಮುಂಚೆ, ಮತ್ತೆ ಸಂಜೆ, ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರಿಗೆ ತೋರಿಸಿ. ಶುಗರ್ ಇರುವವರಿಗೆ ಗುರಿ ಬೇರೆ ಇರಬಹುದು, ಕೇಳಿಕೊಳ್ಳಿ.

180/120 ದಾಟಿ, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆ ಕೈಕಾಲು ಬಲ ಕಳೆದುಕೊಳ್ಳುವುದು, ಇದರಲ್ಲಿ ಯಾವುದಿದ್ದರೂ ಮೆಷಿನ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ.