ಆಂಜಿಯೋಗ್ರಾಮ್‌ನಲ್ಲಿ ಡೈ ತಳ್ಳುವುದು ಹೇಗೆ?

ಹೃದಯದ ಆಂಜಿಯೋಗ್ರಾಮ್ ಮಸುಕಾಗಿ ಬಂದರೆ, ಅದನ್ನು ಮಾಡುವ ಕೊಠಡಿಯಾದ ಕ್ಯಾತ್‌ಲ್ಯಾಬ್‌ಗೆ ಹೊಸದಾಗಿ ಬಂದ ವೈದ್ಯರು ಮೊದಲು ದೂರುವುದು ಎಕ್ಸ್‌ರೇ ಯಂತ್ರವನ್ನು. ಬಹಳಷ್ಟು ಸಲ ದೋಷವಿರುವುದು ಸಿರಿಂಜ್ ಹಿಡಿದ ಕೈಯಲ್ಲಿ. ಅಳುಕುತ್ತಾ ತಳ್ಳಿದ ಡೈ (ಎಕ್ಸ್‌ರೇಯಲ್ಲಿ ರಕ್ತನಾಳಗಳನ್ನು ಕಾಣಿಸುವ ದ್ರವ) ರಕ್ತದೊಡನೆ ಅರ್ಧಂಬರ್ಧ ಬೆರೆತು ಪಟ್ಟೆಪಟ್ಟೆಯಾಗಿ ಹರಿಯುತ್ತದೆ. ಆ ಪಟ್ಟೆಗಳು ಇಲ್ಲದ ಬ್ಲಾಕ್ ಅನ್ನು ತೋರಿಸಬಹುದು, ಇರುವುದನ್ನು ಮರೆಮಾಚಲೂಬಹುದು.

ಮಣಿಕಟ್ಟಿನಿಂದಲೋ ತೊಡೆಯಿಂದಲೋ ಕ್ಯಾತಿಟರ್ ಎಂಬ ಸಪೂರ ಕೊಳವೆಯನ್ನು, ಹೃದಯಕ್ಕೇ ರಕ್ತ ಒದಗಿಸುವ ಕರೊನರಿ ಧಮನಿಯ ಬಾಯಿಗೆ ಒಯ್ಯುವುದು ಅಭ್ಯಾಸದಿಂದ ಬರುವ ಕೆಲಸ. ಅದು ಕೂತೊಡನೆ ಡೈ ತಳ್ಳಬಾರದು, ಮಾನಿಟರ್‌ನಲ್ಲಿ ಕ್ಯಾತಿಟರ್ ತುದಿಯ ರಕ್ತದೊತ್ತಡದ ಗೆರೆಯನ್ನು ನೋಡಬೇಕು. ಗೆರೆ ಚಪ್ಪಟೆಯಾಗಿದ್ದರೆ ತುದಿ ನಾಳದ ಗೋಡೆಗೆ ಒತ್ತಿಕೊಂಡಿರಬಹುದು, ಬಾಯಿಯಲ್ಲೇ ಬ್ಲಾಕ್ ಇರಬಹುದು, ಬಲ ಧಮನಿಯಾದರೆ ಸಣ್ಣ ಕೋನಸ್ ಶಾಖೆಯೊಳಗೆ ಹೊಕ್ಕಿರಬಹುದು. ಆಗ ತಳ್ಳಿದರೆ ನಾಳದ ಒಳಪದರ ಸೀಳುವ, ಹೃದಯದ ಬಡಿತ ಕೆಟ್ಟು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ (ಹೃದಯ ಬರಿದೇ ಅದುರುತ್ತಾ ರಕ್ತ ತಳ್ಳದಿರುವ ಮಾರಕ ಸ್ಥಿತಿ) ಆಗುವ ಅಪಾಯವಿದೆ. ಕ್ಯಾತಿಟರನ್ನು ತುಸು ಹಿಂದಕ್ಕೆಳೆದು ಗೆರೆ ಸರಿಯಾಗುವವರೆಗೆ ಕಾಯಬೇಕು. ‘ಸ್ವಲ್ಪ ತಳ್ಳಿ ನೋಡೋಣ’ ಎಂಬ ಅಡ್ಡದಾರಿ ಇಲ್ಲಿ ಸಲ್ಲದು.

ಸಿರಿಂಜ್‌ನ ಮೂತಿ ಕೆಳಕ್ಕೆ, ಹಿಡಿ ಮೇಲಕ್ಕೆ ಇರಲಿ. ಗಾಳಿಗುಳ್ಳೆಗಳು ಹಿಡಿಯತ್ತ ಏರಿ ನಿಲ್ಲುತ್ತವೆ. ಕೊನೆಯ ಒಂದೆರಡು ಮಿ.ಲೀ. ಅನ್ನು ಎಂದೂ ಖಾಲಿ ಮಾಡಬಾರದು. ಹಿಡಿ ತಡೆತಡೆದು ಜಾರುವ ಅಗ್ಗದ ಸಿರಿಂಜ್‌ಗಳನ್ನು ಬಳಸಲೇಬೇಡಿ.

ಎಡವುವುದು ಮುಂದಿನ ಎರಡು ಮೂರು ಸೆಕೆಂಡುಗಳಲ್ಲಿ. ಸಿನಿ (ಚಲಿಸುವ ಎಕ್ಸ್‌ರೇ) ಚಿತ್ರೀಕರಣ ಶುರುವಾದ ಮೇಲೆಯೇ ತಳ್ಳಲು ತೊಡಗಿ, ಮೊದಲು ಮೃದುವಾಗಿ ಒತ್ತಿ, ಕೂಡಲೇ ಬಲವನ್ನು ಏರಿಸಿ, ಏರಿಸಿದ ಬಲವನ್ನು ಇಳಿಸದೆ ಹಿಡಿದಿರಬೇಕು. ಎಡ ಧಮನಿಗೆ ಸಾಮಾನ್ಯವಾಗಿ ಸೆಕೆಂಡಿಗೆ 3ರಿಂದ 4 ಮಿ.ಲೀ.ಯಂತೆ ಒಟ್ಟು 7ರಿಂದ 10 ಮಿ.ಲೀ., ಬಲಕ್ಕೆ ಸೆಕೆಂಡಿಗೆ 2ರಿಂದ 3 ಮಿ.ಲೀ.ಯಂತೆ 4ರಿಂದ 6 ಮಿ.ಲೀ. ಸಾಕು. ಆದರೆ ಕಣ್ಣು ಅಂಕಿಯ ಮೇಲಲ್ಲ, ಪರದೆಯ ಮೇಲಿರಲಿ: ನಾಳ ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ಕಪ್ಪಾಗಬೇಕು, ಸ್ವಲ್ಪ ಡೈ ಬಾಯಿಯಿಂದ ಹಿಂದಕ್ಕೆ ಮಹಾಧಮನಿಗೆ ಚೆಲ್ಲಬೇಕು. ಹೀಗೆ ಚೆಲ್ಲದಿದ್ದರೆ ಬಾಯಿಯಲ್ಲಿರುವ ಬ್ಲಾಕ್ ಕಾಣದೇ ಹೋಗಬಹುದು. ಸೈಕಲ್ ಪಂಪ್ ಹೊಡೆದಂತೆ ಬಿಟ್ಟು ಬಿಟ್ಟು ಒತ್ತುವವರ ಚಿತ್ರದಲ್ಲಿ ಪ್ರತಿ ಬಿಡುವಿನಲ್ಲೂ ಡೈ ಇಲ್ಲದ ರಕ್ತ ನುಗ್ಗಿರುತ್ತದೆ. ಒಮ್ಮೆಲೇ ಗುದ್ದಿದಂತೆ ಒತ್ತಿದರೆ ಕ್ಯಾತಿಟರೇ ಹಾರಿ ಹೊರಬೀಳುತ್ತದೆ.

ಡೈ ಉಳಿಸಲೆಂದು ಕಡಿಮೆ ತಳ್ಳುವುದು ಸುಳ್ಳು ಉಳಿತಾಯ. ಅದೇ ಚಿತ್ರವನ್ನು ಮತ್ತೆ ತೆಗೆಯಬೇಕಾಗಿ ಬಂದು ಮೂತ್ರಪಿಂಡದ ಮೇಲಿನ ಹೊರೆ ಹೆಚ್ಚುತ್ತದೆ. 4 ಅಥವಾ 5 ಫ್ರೆಂಚ್‌ನ (ಫ್ರೆಂಚ್ ಎಂಬುದು ಕ್ಯಾತಿಟರ್ ದಪ್ಪದ ಅಳತೆ) ಸಪೂರ ಕ್ಯಾತಿಟರ್ ಬಳಸುವಾಗ ಡೈಯನ್ನು 37 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿಟ್ಟುಕೊಂಡರೆ ಅದರ ಮಂದತನ ಕಡಿಮೆಯಾಗಿ ಸುಲಭವಾಗಿ ಹರಿಯುತ್ತದೆ.

ಎಡ ಹೃತ್ಕುಕ್ಷಿಯ (ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ಚಿತ್ರಕ್ಕೆ ಡೈ ತಳ್ಳುವ ಇಂಜೆಕ್ಟರ್ ಯಂತ್ರ ಬೇಕು. ಕರೊನರಿಗೆ ಕೈಯೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತಡೆ ಎದುರಾದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಹೃದ್ರೋಗತಜ್ಞ ಮೇಸನ್ ಸೋನ್ಸ್ ಅವರ ರೋಗಿಯೊಬ್ಬರ ಬಲ ಕರೊನರಿಗೆ ಅಕಸ್ಮಾತ್ತಾಗಿ ಬಹಳಷ್ಟು ಡೈ ನುಗ್ಗಿ ಹೃದಯ ಕ್ಷಣಕಾಲ ನಿಂತಿತು, ಕೆಮ್ಮಿಸಿದಾಗ ಮತ್ತೆ ಬಡಿಯತೊಡಗಿತು. ಅಳತೆಯಾಗಿ ಕೊಟ್ಟರೆ ನೇರವಾಗಿ ಕರೊನರಿಗೇ ಡೈ ಕೊಡಬಹುದೆಂದು ಅವರಿಗೆ ಹೊಳೆದದ್ದು ಆ ಅವಘಡದಿಂದಲೇ.

ತಳ್ಳಿ ಮುಗಿದೊಡನೆ ಚಿತ್ರೀಕರಣದ ಪೆಡಲ್‌ನಿಂದ ಕಾಲು ತೆಗೆಯಬೇಡಿ. ಪೂರ್ತಿ ಮುಚ್ಚಿಹೋದ ನಾಳಕ್ಕೆ ಅಕ್ಕಪಕ್ಕದ ಕವಲುಗಳಿಂದ ರಕ್ತ ತಡವಾಗಿ ಬಂದು ಸೇರುವುದು ಕಾಣುವುದು, ಮುಖ್ಯ ನಾಳದ ಡೈ ತೊಳೆದುಹೋಗುವ ಆ ಕೊನೆಯ ಕೆಲವು ಬಡಿತಗಳಲ್ಲಿ.